ಅಪ್ಪನ ಶುಗರ್ ಮತ್ತು ನನ್ನ ಪೈ ಚಾರ್ಟ್

ಮೂರು ತಿಂಗಳಿಂದ ಅಪ್ಪ ಹಳೇ ಡೈರಿಯೊಂದರಲ್ಲಿ ಶುಗರ್ ಬರೆದಿಡ್ತಿದ್ರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಮಧ್ಯಾಹ್ನ ಊಟದ ನಂತರ ಒಮ್ಮೆ, ರಾತ್ರಿ ಊಟದ ನಂತರ ಒಮ್ಮೆ. ಡಾಕ್ಟರ್ ಹತ್ತಿರ ಹೋಗುವ ಹಿಂದಿನ ದಿನ ನನಗೆ ಉತ್ಸಾಹ ಬಂತು. ಆಫೀಸಿನಲ್ಲಿ ದಿನಾ ಡ್ಯಾಶ್‌ಬೋರ್ಡ್ ಮಾಡುವವಳು ನಾನು, ಅಪ್ಪನಿಗೊಂದು ಚಾರ್ಟ್ ಮಾಡಿಕೊಡಬಾರದೇ? ಎಲ್ಲವನ್ನೂ ಎಕ್ಸೆಲ್‌ಗೆ ತುಂಬಿ ಚೆಂದದ ತ್ರೀಡಿ ಪೈ ಚಾರ್ಟ್ ಮಾಡಿದೆ. ಹಸಿರು ಅಂದ್ರೆ ಮಿತಿಯೊಳಗೆ, ಕೆಂಪು ಅಂದ್ರೆ ಜಾಸ್ತಿ. ಹಸಿರೇ ಮುಕ್ಕಾಲು ಪಾಲು. ಮನೆಯವರಿಗೆಲ್ಲ ಖುಷಿಯೋ ಖುಷಿ.

ಡಾಕ್ಟರ್ ನನ್ನ ಮೊಬೈಲ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಈ ಕೆಂಪು ಬಂದಿದ್ದು ಯಾವಾಗಮ್ಮಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಚಾರ್ಟಿನಲ್ಲೂ ಇರಲಿಲ್ಲ. "ಮುಂದಿನ ವಾರ ಆ ಡೈರಿನೇ ತಗೊಂಡು ಬನ್ನಿ" ಅಂದರು.

ತಪ್ಪು ಎಕ್ಸೆಲ್‌ನದ್ದಲ್ಲ. ಪ್ರತಿ ಚಾರ್ಟಿಗೂ ಇಂತಿಷ್ಟೇ ಆಯಾಮ ಹೊರುವ ಶಕ್ತಿ ಇರುತ್ತೆ. ಪೈ ಚಾರ್ಟಿಗೆ ಒಂದು ವಿಂಗಡಣೆ, ಅದಕ್ಕೊಂದು ಸಂಖ್ಯೆ, ಅಷ್ಟೇ. ಎಕ್ಸೆಲ್‌ನಲ್ಲಿ ಅದು ಒಂದಕ್ಕಿಂತ ಹೆಚ್ಚು ಸಾಲು ಡೇಟಾ ತಗೊಳ್ಳೋದೇ ಇಲ್ಲ. ತ್ರೀಡಿ ಮಾಡಿದರೆ ದಪ್ಪ ಕಾಣುತ್ತೆ, ಹೊಸ ಮಾಹಿತಿ ಒಂದು ಚೂರೂ ಸೇರಲ್ಲ. ಬದಲಿಗೆ ಮುಂದಿರುವ ತುಂಡು ಇರೋದಕ್ಕಿಂತ ದೊಡ್ಡದಾಗಿ ಕಂಡು ಮೋಸ ಮಾಡುತ್ತೆ.

ಬಾರ್ ಚಾರ್ಟ್ ಸ್ವಲ್ಪ ಧಾರಾಳಿ. ಪ್ರತಿ ಕಂಬವನ್ನೂ ಬಣ್ಣಗಳಲ್ಲಿ ಒಡೆದರೆ ಎರಡನೇ ವಿಂಗಡಣೆಗೂ ಜಾಗ ಸಿಗುತ್ತೆ. ಲೈನ್ ಚಾರ್ಟಿನಲ್ಲಿ ಕಾಲ ಮತ್ತು ಸಂಖ್ಯೆ ಇರುತ್ತೆ. ಗೆರೆಯ ಬಣ್ಣ ಮೂರನೆಯದು. ಸ್ಕ್ಯಾಟರ್‌ನಲ್ಲಿ ಎರಡು ಸಂಖ್ಯೆಗಳು. ಆ ಚುಕ್ಕೆಗೆ ಗಾತ್ರ ಕೊಟ್ಟರೆ ಬಬಲ್ ಚಾರ್ಟ್, ಅಲ್ಲಿಗೆ ಮೂರು. ಬಣ್ಣವನ್ನೂ ಕೊಟ್ಟರೆ ನಾಲ್ಕು.

ಸ್ವೀಡನ್‌ನ ವೈದ್ಯ ಹಾನ್ಸ್ ರೋಸ್ಲಿಂಗ್ 2006ರ ಟೆಡ್ ಭಾಷಣದಲ್ಲಿ ಐದನ್ನು ತೋರಿಸಿದರು. ಒಂದು ಅಕ್ಷದಲ್ಲಿ ಹೆರಿಗೆ ದರ, ಇನ್ನೊಂದರಲ್ಲಿ ಆಯಸ್ಸು, ಗುಳ್ಳೆಯ ಗಾತ್ರ ಜನಸಂಖ್ಯೆ, ಬಣ್ಣ ಭೂಪ್ರದೇಶ. ವರ್ಷಗಳು ಉರುಳಿದಂತೆ ಗುಳ್ಳೆಗಳೂ ಓಡುತ್ತಿದ್ದವು. ಅದಕ್ಕೂ ಹಿಂದೆ, 1869ರಲ್ಲೇ, ಫ್ರಾನ್ಸಿನ ಇಂಜಿನಿಯರ್ ಮಿನಾರ್ಡ್ ಕಾಗದದ ಮೇಲೆ ಆರು ಹಿಡಿಸಿದ್ದ. 1812ರಲ್ಲಿ ರಷ್ಯಾದ ಮೇಲೆ ದಂಡೆತ್ತಿ ಹೋದ ನೆಪೋಲಿಯನ್ ಸೈನ್ಯದ ನಕ್ಷೆ ಅದು. 4,22,000 ಸೈನಿಕರ ದಪ್ಪ ಪಟ್ಟಿ ವಾಪಸ್ ಬರುವಾಗ 10,000ದ ತೆಳು ಗೆರೆಯಾಗುತ್ತೆ. ಸೈನ್ಯದ ಗಾತ್ರ, ಅಕ್ಷಾಂಶ, ರೇಖಾಂಶ, ದಿಕ್ಕು, ದಿನಾಂಕ, ಚಳಿಯ ಪ್ರಮಾಣ, ಎಲ್ಲಾ ಒಂದೇ ಹಾಳೆಯಲ್ಲಿ.

ಹಾಗಂತ ತುಂಬ್ತಾನೇ ಹೋಗಬೇಡಿ. 1984ರಲ್ಲಿ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಬರೆದ ಪ್ರಬಂಧದ ತಿರುಳು ಇದು: ನಮ್ಮ ಕಣ್ಣು ಸ್ಥಾನವನ್ನು ಅತಿ ನಿಖರವಾಗಿ ಅಳೆಯುತ್ತೆ, ಆಮೇಲೆ ಉದ್ದ ಮತ್ತು ಕೋನ, ಆಮೇಲೆ ವಿಸ್ತೀರ್ಣ, ಬಣ್ಣದ ಗಾಢತೆ ಕೊನೆಗೆ. ಅದಕ್ಕೇ ಮುಖ್ಯವಾದದ್ದನ್ನು ಅಕ್ಷದ ಮೇಲಿಡಿ. ಗಾತ್ರ, ಬಣ್ಣಗಳಿಗೆ ಎರಡನೇ ದರ್ಜೆಯ ವಿಷಯ ಸಾಕು.

ಅವತ್ತು ರಾತ್ರಿ ಮತ್ತೆ ಕೂತೆ. ಅಡ್ಡಕ್ಕೆ ದಿನಾಂಕ, ಉದ್ದಕ್ಕೆ ಶುಗರ್, ಮೂರು ಹೊತ್ತಿಗೆ ಮೂರು ಬಣ್ಣದ ಚುಕ್ಕೆ. ಡಾಕ್ಟರ್ ಹೇಳಿದ್ದ ಮಿತಿಗಳಿಗೆ ಎರಡು ಗೆರೆ. ಮೂರೇ ಆಯಾಮ. ಬೆಳಿಗ್ಗೆ, ಮಧ್ಯಾಹ್ನದ ಚುಕ್ಕೆಗಳೆಲ್ಲ ಗೆರೆಯ ಕೆಳಗೆ ಸಾಧುಗಳ ಹಾಗೆ ಕೂತಿದ್ವು. ರಾತ್ರಿಯ ಚುಕ್ಕೆಗಳಲ್ಲಿ ನಾಲ್ಕಕ್ಕೆ ಮೂರು ಗೆರೆ ದಾಟಿದ್ದವು.

ಅಮ್ಮ ಪರದೆ ನೋಡಿದರು, ಆಮೇಲೆ ಅಪ್ಪನನ್ನು ನೋಡಿದರು. ಏನೂ ಮಾತಾಡಲಿಲ್ಲ. ಅಪ್ಪನೇ ಬಾಯಿಬಿಟ್ಟರು: "ಊಟ ಆದ್ಮೇಲೆ ಬಾಳೆಹಣ್ಣಿನ ಜೊತೆ ಒಂದು ಚೂರು ಬೆಲ್ಲ... ಅಷ್ಟೇ ಕಣೇ."

ಮುಂದಿನ ವಾರ ಡಾಕ್ಟರ್ ಅದನ್ನೇ ನೋಡಿ, "ಮೊದಲು ರಾತ್ರಿ ಊಟ ಸರಿ ಮಾಡೋಣ, ಮಾತ್ರೆ ವಿಚಾರ ಆಮೇಲೆ" ಅಂದರು. ಬೆಲ್ಲದ ಡಬ್ಬಿ ಈಗ ಅಮ್ಮನ ಬೀರುವಿನಲ್ಲಿದೆ.

ಸೋಮವಾರ ಆಫೀಸಿನಲ್ಲಿ ಚಾರ್ಟ್ ಆರಿಸೋ ಮುಂಚೆ ನೀವೂ ಒಂದು ಕೆಲಸ ಮಾಡಿ. ನೋಡುವವರು ಏನು ಕೇಳಬಹುದು ಅಂತ ಬರೆದುಕೊಳ್ಳಿ. ಎಷ್ಟು? ಯಾವಾಗ? ಯಾವುದರಲ್ಲಿ? ಎಷ್ಟು ಪ್ರಶ್ನೆಗಳೋ ಸುಮಾರಾಗಿ ಅಷ್ಟು ಆಯಾಮ. ಅಷ್ಟನ್ನು ಹೊರುವ ಚಾರ್ಟ್ ಹುಡುಕಿ.