ಕೆಳಗೆ ವ್ಯಾಪಾರ, ಮೇಲೆ ಧರ್ಮಗ್ರಂಥ

ಇಬ್ಬರು ಹುಡುಗಿಯರು ಪರಸ್ಪರ ಪ್ರೀತಿಸಿದರೆ ಸಮಾಜದ ಬುಡವೇ ಕಿತ್ತುಹೋಗುವುದೆಂದು ಹೆದರುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅದೇ ಸಮಾಜದಲ್ಲಿ ಹೆಣ್ಣಿನ ಮೈ ಹಣಕ್ಕೆ ಮಾರಾಟವಾಗುವಾಗ ಇವರಿಗೆ ಅಷ್ಟು ಹೆದರಿಕೆಯಾಗುವುದಿಲ್ಲ. ಇದಕ್ಕೆ ಅಮೇರಿಕದ ಹಳೆಯ ಮೊಕದ್ದಮೆಯೊಂದು ಸಾಕ್ಷಿಯಾಗಿದೆ.

ಪೋಲೆಂಡಿನ ಯೆಹೂದಿ ಲೇಖಕ ಶೊಲೆಮ್ ಆಶ್ ಅವರು 1906ರಲ್ಲಿ ಯಿಡ್ಡಿಷ್ ಭಾಷೆಯಲ್ಲಿ 'ಸೇಡಿನ ದೇವರು' ಎಂಬ ನಾಟಕ ಬರೆದರು. ಅದರಲ್ಲಿ ಯಾಂಕೆಲ್ ಎಂಬವನು ಮನೆಯ ನೆಲಮಾಳಿಗೆಯಲ್ಲಿ ವೇಶ್ಯಾಗೃಹ ನಡೆಸುತ್ತಾನೆ. ಮೇಲಿನ ಅಂತಸ್ತಿನಲ್ಲಿ ಮಗಳು ರಿವ್ಕೆಲೆಯನ್ನು ಮಡಿಯಿಂದ ಬೆಳೆಸುತ್ತಾನೆ. ಕೆಳಗಿನ ಲಾಭದಿಂದ ಮೇಲಿನ ಕೋಣೆಗೆ ಪವಿತ್ರ ತೋರಾ ಗ್ರಂಥವನ್ನು ಬರೆಸಿ ತರುತ್ತಾನೆ. ಮಗಳಿಗೆ ಒಳ್ಳೆಯ ಮನೆತನದ ವರ ಸಿಗಬೇಕೆಂಬುದು ಅವನ ಲೆಕ್ಕಾಚಾರ. ಆದರೆ ಮಗಳು ಒಲಿದದ್ದು ಕೆಳಗಿನ ಮನೆಯ ಮಾನ್ಕೆ ಎಂಬ ಹುಡುಗಿಗೆ. ಆ ಮನೆಯಲ್ಲಿ ಬೆಲೆ ಕಟ್ಟದೆ ಕೊಟ್ಟದ್ದು, ಪಡೆದದ್ದು ಅದೊಂದೇ.

1923ರ ಫೆಬ್ರವರಿಯಲ್ಲಿ ಈ ನಾಟಕ ಇಂಗ್ಲಿಷಿನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಕ್ಕೆ ಬಂದಿತು. ಮಾರ್ಚಿಯಲ್ಲಿ ನಟವರ್ಗದ ಮೇಲೆ ಅಶ್ಲೀಲತೆಯ ಆರೋಪ ಹೊರಿಸಲಾಯಿತು. ದೂರು ಕೊಟ್ಟವರು ಪರಧರ್ಮೀಯರಲ್ಲ, ಜೋಸೆಫ್ ಸಿಲ್ವರ್‌ಮನ್ ಎಂಬ ಯೆಹೂದಿ ಧರ್ಮಗುರುಗಳೇ. ಮೇ ತಿಂಗಳಲ್ಲಿ ತಪ್ಪಿತಸ್ಥರೆಂದು ತೀರ್ಪಾಗಿ, ನಿರ್ಮಾಪಕ ಹ್ಯಾರಿ ವೈನ್‌ಬರ್ಗರ್ ಮತ್ತು ಮುಖ್ಯ ನಟ ರುಡಾಲ್ಫ್ ಶಿಲ್ಡ್‌ಕ್ರಾಟ್ ತಲಾ 200 ಡಾಲರ್ ದಂಡಕ್ಕೆ ಗುರಿಯಾದರು. 1925ರಲ್ಲಿ ಮೇಲಿನ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು.

ಸಮುದಾಯದ ಹಿರಿಯರ ಅಂಜಿಕೆ ಬರಿಯ ಕಲ್ಪನೆಯೆಂದು ನಾವು ಹೇಳುವುದಿಲ್ಲ. ಅದು ಯೆಹೂದಿ ದ್ವೇಷ ಹೊಗೆಯಾಡುತ್ತಿದ್ದ ಕಾಲ. ಮರುವರ್ಷವೇ, 1924ರಲ್ಲಿ, ಅಮೇರಿಕವು ಪೂರ್ವ ಯುರೋಪಿನ ವಲಸೆಗಾರರಿಗೆ ಬಹುಮಟ್ಟಿಗೆ ಬಾಗಿಲು ಮುಚ್ಚಿತು. ನಮ್ಮ ಹುಳುಕನ್ನು ಹಗೆಗಳ ಮುಂದೆ ಏಕೆ ಬಿಚ್ಚಬೇಕೆಂದು ಅವರು ಕೇಳಿದರು. ಆದರೆ ಹೊರಗಿನ ಹಗೆಗೆ ಅಂಜಿ ಒಳಗಿನ ಹೆಣ್ಣುಮಕ್ಕಳ ಬಾಯಿ ಕಟ್ಟಿದರೆ ಹಗೆಯೇನು ಕಡಿಮೆಯಾದೀತೆ? ತುಳಿತಕ್ಕೊಳಗಾದ ಸಮುದಾಯವು ತನ್ನಲ್ಲಿಯೇ ದುರ್ಬಲರಾದವರನ್ನು ತುಳಿದು ಮಾನ ಉಳಿಸಿಕೊಳ್ಳಲಾರದು.

ಈ ಮಾತನ್ನು ಆ ಸಮುದಾಯವೇ ಇಂದು ಬಹುಮಟ್ಟಿಗೆ ಒಪ್ಪಿದಂತಿದೆ. ಸಾಚಾ ಲ್ಯಾಂಬ್ ಅವರು ತರುಣರಿಗಾಗಿ ಬರೆದ 'ದೇವದೂತರು ಹಳೆಯ ನಾಡನ್ನು ಬಿಟ್ಟಾಗ' ಎಂಬ ಕಾದಂಬರಿ 2022ರಲ್ಲಿ ಹೊರಬಂದಿತು. ಅದರಲ್ಲಿ ರೋಸ್ ಎಂಬ ಯೆಹೂದಿ ಹುಡುಗಿ ಅಮೇರಿಕಕ್ಕೆ ವಲಸೆ ಹೊರಟಿದ್ದಾಳೆ. ಅವಳು ಪ್ರಾಣದಂತೆ ಪ್ರೀತಿಸಿದ ಗೆಳತಿ ಅವಳನ್ನು ಬಿಟ್ಟು ಒಬ್ಬ ಗಂಡಸನ್ನು ಮದುವೆಯಾಗಿದ್ದಾಳೆ. ಅವಳ ಸಂಕಟವನ್ನು ಲೇಖಕರು ಮುಚ್ಚಿಟ್ಟಿಲ್ಲ. ಆ ಮೊಕದ್ದಮೆಗೆ ನೂರು ವರ್ಷ ತುಂಬಿದ 2023ರಲ್ಲಿ ಯೆಹೂದಿ ಗ್ರಂಥಾಲಯಗಳ ಸಂಘವೇ ಈ ಪುಸ್ತಕಕ್ಕೆ ಬಹುಮಾನ ಕೊಟ್ಟಿತು.

ಇಷ್ಟಕ್ಕೇ ಸಮಾಧಾನಪಡುವಂತಿಲ್ಲ. 2023-24ರ ಒಂದೇ ಶಾಲಾವರ್ಷದಲ್ಲಿ ಅಮೇರಿಕದ ಸರಕಾರಿ ಶಾಲೆಗಳಲ್ಲಿ 10,000ಕ್ಕೂ ಹೆಚ್ಚು ಬಾರಿ ಪುಸ್ತಕಗಳಿಗೆ ನಿರ್ಬಂಧ ಬಿದ್ದುದನ್ನು ಪೆನ್ ಅಮೇರಿಕ ಎಂಬ ಲೇಖಕರ ಸಂಸ್ಥೆ ಲೆಕ್ಕ ಹಾಕಿದೆ. ಇಂಥ ಪ್ರೀತಿಯ ಕಥೆಗಳು ಅವುಗಳಲ್ಲಿ ಬಹಳವಿವೆ. ಹಣವಂತರ ಮಕ್ಕಳು ಅಂಗಡಿಯಲ್ಲಿ ಕೊಂಡು ಓದಿಯಾರು. ಶಾಲೆಯ ಕಪಾಟು ಬರಿದಾದರೆ ನಷ್ಟ ಕೂಲಿಕಾರನ ಮಗಳಿಗೆ. ತನ್ನಂಥವಳು ಲೋಕದಲ್ಲಿ ಇನ್ನೊಬ್ಬಳಿದ್ದಾಳೆಂದು ಅವಳಿಗೆ ತಿಳಿಸುವ ಪುಸ್ತಕ ಅಲ್ಲಿಯೇ ಇರಬೇಕು. ಅದನ್ನು ತೆಗೆಯುವ ಅಧಿಕಾರ ಯಾಂಕೆಲನ ವಂಶದವರಿಗೆ ಇಲ್ಲವೆಂದೇ ನಮ್ಮ ಸ್ಪಷ್ಟ ಅಭಿಪ್ರಾಯ.