ಶಾಲೆಯಂಗಳದಲ್ಲೊಂದು ಭೂಕೇಂದ್ರ

ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ಮೊದಲು ಹೋಗುವುದು ವಿದ್ಯುತ್ತು. ಅದರ ಬೆನ್ನಿಗೇ ಮೊಬೈಲು ಮೌನವಾಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಎಷ್ಟೋ ಊರುಗಳು ರಸ್ತೆ ಕಡಿದುಕೊಂಡು ದ್ವೀಪಗಳಾದವು. ಇಂಥ ನಾಡಿನ ಶಾಲೆಗಳಲ್ಲಿ ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್, ಬೇರೂರಬೇಕೆಂಬುದು ನಮ್ಮ ನಿಲುವು.

ಉಪಗ್ರಹದ ಮೂಲಕ ಮಾತನಾಡುವ ಭೂಕೇಂದ್ರವೆಂದರೆ ದೈತ್ಯ ತಟ್ಟೆಗಳೇ ಬೇಕೆಂದಿಲ್ಲ. 145 ಮತ್ತು 435 ಮೆಗಾಹರ್ಟ್ಸ್ ಪಟ್ಟಿಗಳೆರಡರಲ್ಲೂ ಕೆಲಸ ಮಾಡುವ 5 ವ್ಯಾಟಿನ ಕೈರೇಡಿಯೋ, ಕೈಯಲ್ಲೇ ಹಿಡಿದು ತಿರುಗಿಸಬಲ್ಲ ಯಾಗಿ ಆಂಟೆನಾ, ಉಪಗ್ರಹ ಮೂಡುವ ಹೊತ್ತು ಮತ್ತು ದಿಕ್ಕನ್ನು ತಿಳಿಸುವ ತಂತ್ರಾಂಶ, ಸೌರಫಲಕದಿಂದ ತುಂಬುವ ಬ್ಯಾಟರಿ: ಆರಂಭಕ್ಕೆ ಇಷ್ಟು ಸಾಕು. ಆಂಟೆನಾವನ್ನು ಮರದ ಪಟ್ಟಿಗೆ ಅಲ್ಯೂಮಿನಿಯಂ ಕಡ್ಡಿ ಜೋಡಿಸಿ ವಿದ್ಯಾರ್ಥಿಗಳೇ ಮಾಡಬಹುದು. 145ಕ್ಕೆ ಸುಮಾರು ಒಂದು ಮೀಟರಿನ, 435ಕ್ಕೆ ಅದರ ಮೂರನೆಯ ಒಂದರಷ್ಟು ಉದ್ದದ ಕಡ್ಡಿಗಳು. ಕೇಬಲ್ಲು ಗಿಡ್ಡವಿರಲಿ, ಉದ್ದವಾದಷ್ಟೂ ಕ್ಷೀಣ ಸಂಕೇತ ಅದರಲ್ಲೇ ಕರಗುತ್ತದೆ. ಉದ್ದ ಅನಿವಾರ್ಯವಾದರೆ ಸಂಕೇತವರ್ಧಕವನ್ನು ಆಂಟೆನಾದ ಬುಡದಲ್ಲೇ ಇಡಬೇಕು.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ ಮರುಪ್ರಸಾರಕದ ಧ್ವನಿ 437.800 ಮೆಗಾಹರ್ಟ್ಸ್‌ನಲ್ಲಿ ಇಳಿಯುತ್ತದೆ. ನಿಲ್ದಾಣ ಸಮೀಪಿಸುವಾಗ ಅದು ಸುಮಾರು 10 ಕಿಲೋಹರ್ಟ್ಸ್ ಮೇಲೆ, ದೂರ ಸರಿಯುವಾಗ ಅಷ್ಟೇ ಕೆಳಗೆ ಕೇಳಿಸುತ್ತದೆ. ಪಠ್ಯದ ಡಾಪ್ಲರ್ ಪರಿಣಾಮವನ್ನು ಕಿವಿಯಾರೆ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಯಾವುದು? ಇಸ್ರೋ 2005ರ ಮೇ 5ರಂದು ಹಾರಿಸಿದ ಹ್ಯಾಮ್‌ಸ್ಯಾಟ್ 2014ರವರೆಗೆ ಹವ್ಯಾಸಿಗಳ ಸೇವೆ ಮಾಡಿತು. ಅದರ ಎರಡು ಮರುಪ್ರಸಾರಕಗಳಲ್ಲಿ ಒಂದನ್ನು ರೂಪಿಸಿದವರು ನೆದರ್ಲೆಂಡ್ಸಿನ ಒಬ್ಬ ವಿದ್ಯಾರ್ಥಿ ಎಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು.

ಮಿತಿಗಳನ್ನೂ ಹೇಳಲೇಬೇಕು. ನಿಲ್ದಾಣ ಒಮ್ಮೆ ಹಾದುಹೋದರೆ ಸಿಗುವುದು ಹೆಚ್ಚೆಂದರೆ ಹತ್ತು ನಿಮಿಷ. ಕಣಿವೆಯ ಊರಿಗೆ ಗುಡ್ಡಗಳ ಮರೆಯಿಂದ ಅದೂ ಮೊಟಕು. ಆದುದರಿಂದ ಆಪತ್ತಿನ ದಿನ ಮೊದಲು ನೆರವಾಗುವುದು ಗುಡ್ಡದಿಂದ ಗುಡ್ಡಕ್ಕೆ ಮಾತನಾಡುವ ನೇರ ರೇಡಿಯೋ ಸಂಪರ್ಕವೇ. ಆದರೆ ಅದಕ್ಕೆ ಬೇಕಾದ ರೇಡಿಯೋ, ಬ್ಯಾಟರಿ, ಆಂಟೆನಾಗಳು ಇವೇ. ಬೇಕಾದ ಕೈಗಳು ಪಳಗುವುದೂ ಇಲ್ಲಿಯೇ.

ಪ್ರಸಾರಕ್ಕೆ ಕೇಂದ್ರ ಸರ್ಕಾರದ ಪರೀಕ್ಷೆ ಮತ್ತು ಪರವಾನಗಿ ಕಡ್ಡಾಯ. 12 ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ಪ್ರತಿ ಹೋಬಳಿಯ ಒಂದು ಶಾಲೆಯಲ್ಲಿ ಒಬ್ಬ ಶಿಕ್ಷಕರೂ ನಾಲ್ವರು ವಿದ್ಯಾರ್ಥಿಗಳೂ ಈ ಬೇಸಿಗೆಯಲ್ಲಿ ಸಿದ್ಧತೆ ಆರಂಭಿಸಲಿ. ಮಳೆ ಹಿಡಿದ ಮೇಲೆ ಕಲಿಯಲು ಹೊರಟರೆ ಹೊತ್ತು ಮೀರಿರುತ್ತದೆ.