ಗುಡಿಯ ಬಾಗಿಲು, ಕಚೇರಿಯ ಬಾಗಿಲು



‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಸಾರಿಗೆ ಉಪ್ಪು ಹೆಚ್ಚಾಯಿತೆಂದು, ಹಬ್ಬಕ್ಕೆ ತವರಿಗೆ ಹೋಗುವುದೋ ಬೇಡವೋ ಎಂದು ಏಳುವ ಮಾತಿಗೆ ಆ ಗಾದೆ ಒಪ್ಪುತ್ತದೆ. ಅಂಥ ಜಗಳ ಯಾರ ಮನೆಯಲ್ಲಿಲ್ಲ ಹೇಳಿ? ಆದರೆ ಕೆನ್ನೆಯ ಮೇಲೆ ಐದು ಬೆರಳೂ ಮೂಡಿದ ಮೇಲೆ ಅದು ಜಗಳವಲ್ಲ. ಎರಡು ಕೈ ಸೇರಿದರೆ ಚಪ್ಪಾಳೆ ಅನ್ನುತ್ತಾರೆ, ನಿಜ; ಕೆನ್ನೆಗೆ ಬೀಳುವ ಏಟಿಗೆ ಒಂದೇ ಕೈ ಸಾಕು. ಆ ಏಟಿಗೂ ಇದೇ ಗಾದೆ ಹೇಳಿ ನಮ್ಮ ನಮ್ಮ ಮನೆಯ ಕದ ಹಾಕಿಕೊಳ್ಳುವುದು ಊರುಕೇರಿಯ ಹಳೆಯ ರೂಢಿ.

ಇದೆಲ್ಲೋ ಅಪರೂಪದ ಸಂಗತಿ ಎಂದುಕೊಳ್ಳಬೇಡಿ. 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ನಮ್ಮ ರಾಜ್ಯದಲ್ಲಿ ಮದುವೆಯಾದ, 18ರಿಂದ 49 ವರ್ಷದ ಹೆಂಗಸರನ್ನು ಕೇಳಿದಾಗ ನೂರಕ್ಕೆ ಸುಮಾರು 44 ಮಂದಿ ಗಂಡನಿಂದ ಏಟನ್ನೋ ಬಲಾತ್ಕಾರವನ್ನೋ ಅನುಭವಿಸಿದ್ದಾಗಿ ಹೇಳಿದರು. ಇಡೀ ದೇಶದ ಲೆಕ್ಕ ಸುಮಾರು 29. ಇನ್ನೂ ಒಂದು ಲೆಕ್ಕವಿದೆ. ದೇಶದಲ್ಲಿ ಹೀಗೆ ಹಿಂಸೆ ಅನುಭವಿಸಿದವರಲ್ಲಿ ಯಾರಾದರೊಬ್ಬರ ಸಹಾಯ ಕೇಳಿದವರು ನೂರಕ್ಕೆ ಬರೀ 14. ಯಾರಿಗೂ ಒಂದು ಮಾತೂ ಹೇಳದೆ ನುಂಗಿಕೊಂಡವರು 77!

ಮನುಷ್ಯರಿಗೆ ಹೇಳದವಳು ಎಲ್ಲಿಗೆ ಹೋಗುತ್ತಾಳೆ? ದೇವರ ಹತ್ತಿರ ಹೋಗುತ್ತಾಳೆ. ಶುಕ್ರವಾರ ದೇವಿಯ ಗುಡಿಗೆ, ಅಮಾವಾಸ್ಯೆಗೆ ಮಠಕ್ಕೆ, ಗುರುವಾರ ದರ್ಗಾಕ್ಕೆ, ಭಾನುವಾರ ಇಗರ್ಜಿಗೆ. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದಕ್ಕೆ ಹೆದರುವವಳು ಗುಡಿಯ ಮೆಟ್ಟಿಲು ಹತ್ತಲು ಹೆದರುವುದಿಲ್ಲ. ಗುಡಿಗೆ ಹೋಗಿ ಬರುತ್ತೇನೆಂದರೆ ಮನೆಯಲ್ಲೂ ಬೇಡವೆನ್ನುವವರು ಕಡಿಮೆ. ಅಲ್ಲಿ ಕಣ್ಣೊರೆಸಿಕೊಂಡು ಒಬ್ಬ ಹಿರಿಯರ ಮುಂದೆ ಅರ್ಧ ಮಾತು ಆಡುತ್ತಾಳೆ. ಆಗ ಅವಳಿಗೆ ಸಿಗುವ ಉತ್ತರದ ಮೇಲೆ ಎಷ್ಟೋ ಸಲ ಅವಳ ಜೀವವೇ ನಿಂತಿರುತ್ತದೆ.

ಸಾಮಾನ್ಯವಾಗಿ ಸಿಗುವ ಉತ್ತರ ನಿಮಗೂ ಗೊತ್ತು. ‘ಹೊಂದ್ಕೊಂಡು ಹೋಗಮ್ಮ, ಹದಿನಾರು ಸೋಮವಾರ ವ್ರತ ಮಾಡು, ಅವನ ಗ್ರಹಗತಿ ಸರಿ ಹೋಗುತ್ತೆ.’ ಹೇಳುವವರು ಕೆಟ್ಟವರೇನಲ್ಲ. ಮನೆ ಒಡೆಯಬಾರದು ಎಂಬ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ವ್ರತ ಹಿಡಿದವಳು ಅವಳು, ಕೈ ಎತ್ತುವವನು ಅವನು. ಅವಳ ಉಪವಾಸದಿಂದ ಅವನ ಕೈ ಹೇಗೆ ಇಳಿದೀತು?

ಇನ್ನೊಂದು ಬಾಗಿಲು ಕಚೇರಿಯದು. ಹೇಗೋ ಧೈರ್ಯ ಮಾಡಿ ಅಲ್ಲಿಗೆ ಹೋದರೆ, ‘ದೇವರು ದಿಂಡರು ಎಲ್ಲಾ ಆಮೇಲೆ, ಮೊದಲು ಅರ್ಜಿ ಬರೆಯಮ್ಮ’ ಎನ್ನುತ್ತಾರೆ. ಅವರು ಹೇಳುವುದೂ ಸುಳ್ಳಲ್ಲ. ಆದರೆ ಅವಳ ಎದೆಯೊಳಗಿನ ಪ್ರಶ್ನೆ ಬೇರೆ. ‘ತಾಳಿ ಕಟ್ಟಿದವನ ಮೇಲೆ ದೂರು ಕೊಟ್ಟರೆ ಪಾಪ ಬರುತ್ತದಾ?’ ಈ ಪ್ರಶ್ನೆಗೆ ಯಾವ ಅರ್ಜಿ ನಮೂನೆಯಲ್ಲೂ ಜಾಗವಿಲ್ಲ. ಉತ್ತರ ಸಿಗದೆ ಅವಳು ಅರ್ಜಿ ಹಿಂದಕ್ಕೆ ತೆಗೆದುಕೊಂಡು ಮನೆಗೆ ಹೋಗುತ್ತಾಳೆ.

ಒಂದು ಬಾಗಿಲಲ್ಲಿ ಸಮಾಧಾನವಿದೆ, ರಕ್ಷಣೆ ಇಲ್ಲ. ಇನ್ನೊಂದರಲ್ಲಿ ರಕ್ಷಣೆ ಇದೆ, ಸಮಾಧಾನವಿಲ್ಲ. ಈ ಎರಡು ಬಾಗಿಲುಗಳ ನಡುವೆ ಒಂದು ಕಾಲುದಾರಿಯಾದರೂ ಬೇಕು ಎಂಬುದೇ ಈ ಸಲ ನಾನು ಹೇಳಬೇಕೆಂದಿರುವ ಮಾತು.

ಇದು ನಮ್ಮ ದೇಶದ ಕಷ್ಟ ಮಾತ್ರವಲ್ಲ. ಅಮೆರಿಕದ ಸಿಯಾಟಲ್ ನಗರದಲ್ಲಿ ಮೇರಿ ಫಾರ್ಚೂನ್ ಎಂಬ ಕ್ರೈಸ್ತ ಧರ್ಮಬೋಧಕಿಯೊಬ್ಬರು ಇದನ್ನೇ ಕಂಡುಕೊಂಡರು. ಹೊಡೆಸಿಕೊಂಡ ಹೆಂಗಸು ಬಂದಾಗ ಏನು ಹೇಳಬೇಕೆಂದು ಪಾದ್ರಿಗಳಿಗೆ ಗೊತ್ತಿರಲಿಲ್ಲ. ಅವಳ ದೇವರ ಭಯಕ್ಕೆ ಏನು ಹೇಳಬೇಕೆಂದು ಸಮಾಜಸೇವಕರಿಗೆ ಗೊತ್ತಿರಲಿಲ್ಲ. 1977ರಲ್ಲಿ ಅವರು ಇದಕ್ಕೆಂದೇ ಒಂದು ಸಂಸ್ಥೆ ಕಟ್ಟಿ ಇಬ್ಬರಿಗೂ ತರಬೇತಿ ಕೊಡತೊಡಗಿದರು. ಅವರು ಒತ್ತಿ ಹೇಳಿದ ಒಂದು ಸಂಗತಿ ನಮಗೂ ಸಲ್ಲುತ್ತದೆ: ಕ್ಷಮೆ ದೊಡ್ಡದೇ, ಆದರೆ ಅದು ಕೊನೆಗೆ ಬರಬೇಕಾದದ್ದು. ಮೊದಲು ಅವಳು ಕ್ಷೇಮವಾಗಿರಬೇಕು, ತಪ್ಪು ಮಾಡಿದವನು ತಿದ್ದಿಕೊಳ್ಳಬೇಕು. ಮೊದಲೇ ಕ್ಷಮಿಸು ಎನ್ನುವುದು ಇನ್ನೊಂದು ಏಟಿಗೆ ಕೆನ್ನೆ ಒಡ್ಡಿಸಿದಂತೆ. ಕ್ಯಾಥೊಲಿಕ್ ಸಭೆಯಲ್ಲೂ 2016ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಕುಟುಂಬದ ಬಗ್ಗೆ ಹೊರಡಿಸಿದ ಪತ್ರದಲ್ಲಿ, ಹಿಂಸೆಯಿಂದ ಪಾರಾಗಲು ಬೇರೆಯಾಗುವುದು ಕೆಲವು ಸಲ ನೀತಿಯ ದೃಷ್ಟಿಯಿಂದಲೇ ಅಗತ್ಯ ಎಂದು ಒಪ್ಪಿಕೊಂಡಿದ್ದಾರೆ.

ಅಷ್ಟು ದೂರ ಯಾಕೆ, ನಮ್ಮ ನೆರೆಯ ತಮಿಳುನಾಡಿನ ಪುದುಕ್ಕೋಟೆಗೆ ಬನ್ನಿ. ಅಲ್ಲಿ ಮುಸ್ಲಿಂ ಕುಟುಂಬದ ವ್ಯಾಜ್ಯಗಳನ್ನು ಮಸೀದಿಯ ಜಮಾತ್ ತೀರ್ಮಾನಿಸುತ್ತಿತ್ತು. ಅದರಲ್ಲಿ ಗಂಡಸರೇ ಕೂರುತ್ತಿದ್ದರು. ದೂರು ಹೆಂಗಸಿನದು, ತೀರ್ಪು ಕೇಳುವಾಗ ಅವಳೇ ಅಲ್ಲಿಲ್ಲ! ಷರೀಫಾ ಖಾನಂ ಎಂಬ ದಿಟ್ಟ ಹೆಣ್ಣುಮಗಳು 2000ದ ದಶಕದ ಮೊದಲ ವರ್ಷಗಳಲ್ಲಿ ಹೆಂಗಸರದೇ ಒಂದು ಜಮಾತ್ ಕಟ್ಟಿದರು. ವರದಕ್ಷಿಣೆ, ತಲಾಖ್, ಹೊಡೆತ ಬಡಿತದ ದೂರುಗಳನ್ನು ಹೆಂಗಸರೇ ಕೂತು ಕೇಳಿದರು. ಬೇಕಾದಾಗ ಪೊಲೀಸರ ಹತ್ತಿರಕ್ಕೂ ಕೋರ್ಟಿಗೂ ಹೋದರು. ಧರ್ಮ ಬಿಡಲಿಲ್ಲ, ಕಾನೂನೂ ಬಿಡಲಿಲ್ಲ.

ನಮ್ಮ ನಾಡಿನಲ್ಲಿ? ಇಳಕಲ್ ಎಂದರೆ ನಮಗೆ ಸೀರೆ ನೆನಪಾಗುತ್ತದೆ. ಅದೇ ಇಳಕಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗತೊಡಗಿದರು. ಅವರು ಕೇಳಿದ ಭಿಕ್ಷೆ ಜೋಳವಲ್ಲ, ದುಡ್ಡಲ್ಲ. ‘ನಿಮ್ಮ ದುಶ್ಚಟ ನನ್ನ ಜೋಳಿಗೆಗೆ ಹಾಕಿ’ ಎಂದು. 2018ರಲ್ಲಿ ಅವರು ಲಿಂಗೈಕ್ಯರಾದರು; ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಗೊತ್ತುಮಾಡಿದೆ. ಮಠದ ಮಾತಿಗೆ ಎಷ್ಟು ಬಲವಿದೆ ಎಂಬುದಕ್ಕೆ ಇದೇ ಸಾಕ್ಷಿ.

ಹೊಡೆತಕ್ಕೂ ಕುಡಿತಕ್ಕೂ ನಂಟಿರುವುದು ನಿಜ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಗಂಡ ಆಗಾಗ ಕುಡಿದು ಬರುವ ಹೆಂಗಸರಲ್ಲಿ ನೂರಕ್ಕೆ ಸುಮಾರು 70 ಮಂದಿ ಹಿಂಸೆ ಅನುಭವಿಸಿದ್ದರು. ಆದರೆ ಸ್ವಲ್ಪ ತಾಳಿ, ಗಂಡ ಕುಡಿಯದೇ ಇರುವವರಲ್ಲೂ ಸುಮಾರು 23 ಮಂದಿ ಏಟು ತಿಂದವರೇ. ಹೆಂಡತಿಯನ್ನು ಹೊಡೆಯುವವನು ಹೊರಗೆ ಸಾಹುಕಾರನ ಮುಂದೆ ಕೈ ಎತ್ತುವುದಿಲ್ಲ. ಅಮಲಲ್ಲಿದ್ದರೂ ಯಾರಿಗೆ ಹೊಡೆಯಬಹುದು, ಯಾರಿಗೆ ಹೊಡೆಯಬಾರದು ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ‘ಕುಡಿತ ಬಿಡಿಸಿದರೆ ಎಲ್ಲ ಸರಿಹೋಗುತ್ತೆ’ ಎಂದು ಸುಮ್ಮನಾಗುವ ಹಾಗಿಲ್ಲ. ಹೆಂಡದ ಬಗ್ಗೆ ಪ್ರವಚನ ಹೇಳುವ ಪೀಠಗಳು ‘ಹೆಂಡತಿಯ ಮೇಲೆ ಕೈ ಮಾಡುವುದು ಪಾಪ’ ಎಂದೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಸಪ್ತಪದಿಯ ಏಳನೆಯ ಹೆಜ್ಜೆ ಸ್ನೇಹದ್ದು ಎಂದು ಮದುವೆ ಮಾಡಿಸುವ ಪುರೋಹಿತರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅದನ್ನು ಹಸೆಮಣೆಯ ಮೇಲೇ ಹುಡುಗನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದರೆ ಮುಹೂರ್ತವೇನೂ ಮೀರುವುದಿಲ್ಲ.

ಈಗ ಕಚೇರಿಯ ಬಾಗಿಲಿಗೆ ಬರೋಣ. ಕೌಟುಂಬಿಕ ಹಿಂಸೆಯಿಂದ ಹೆಂಗಸರನ್ನು ಕಾಪಾಡುವ ಕಾಯ್ದೆ 2005ರಲ್ಲಿ ಆಯಿತು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಎಲ್ಲರಿಗೂ ಒಂದೇ. ಹೊಡೆತವಷ್ಟೇ ಅಲ್ಲ, ಬಲಾತ್ಕಾರ, ದಿನಬೆಳಗಾದರೆ ಹೀನಾಯ ಮಾತು, ಮನೆಖರ್ಚಿಗೆ ಕಾಸು ಕೊಡದೆ ಸತಾಯಿಸುವುದು, ಒಡವೆ ಕಿತ್ತುಕೊಳ್ಳುವುದು ಎಲ್ಲವೂ ಇದರಲ್ಲಿ ಹಿಂಸೆಯೇ. ಮನೆ ಯಾರ ಹೆಸರಿನಲ್ಲೇ ಇರಲಿ, ಅಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ.

‘ಗಂಡನನ್ನು ಜೈಲಿಗೆ ಕಳಿಸಿದವಳು ಅನ್ನಿಸಿಕೊಳ್ಳಲಾರೆ’ ಎಂದು ಹೆದರುವವರು ಇದನ್ನು ಗಮನಿಸಿ. ಈ ಕಾಯ್ದೆಯಲ್ಲಿ ಅರ್ಜಿ ಕೊಟ್ಟ ಕೂಡಲೇ ಯಾರನ್ನೂ ಜೈಲಿಗೆ ಹಾಕುವುದಿಲ್ಲ. ‘ಇವಳ ಮೇಲೆ ಕೈ ಮಾಡಕೂಡದು, ಮನೆಯಿಂದ ಹೊರಗೆ ಹಾಕಕೂಡದು, ಖರ್ಚಿಗೆ ಕೊಡಬೇಕು’ ಎಂದು ಮ್ಯಾಜಿಸ್ಟ್ರೇಟರು ಆಜ್ಞೆ ಮಾಡುತ್ತಾರೆ. ಕೈ ಮಾಡಕೂಡದೆಂಬ ಆಜ್ಞೆಯನ್ನು ಮೀರಿದರೆ ಒಂದು ವರ್ಷದವರೆಗೆ ಸಜೆ, ಇಲ್ಲವೆ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಮ್ಮ ರಾಜ್ಯದಲ್ಲಿ ಇದರ ಸಂರಕ್ಷಣಾಧಿಕಾರಿ ಬೇರೆ ಯಾರೂ ಅಲ್ಲ, ಅಂಗನವಾಡಿ ನೋಡಿಕೊಳ್ಳುವ ಸಿ.ಡಿ.ಪಿ.ಓ. ಅವರ ಕಚೇರಿ ಎಲ್ಲಿದೆ ಎಂದು ನಿಮ್ಮ ಬೀದಿಯ ಅಂಗನವಾಡಿ ಟೀಚರನ್ನು ಕೇಳಿದರೆ ಹೇಳುತ್ತಾರೆ. ವಕೀಲರ ಫೀಜಿಗೆ ದುಡ್ಡಿಲ್ಲವೆಂಬ ಚಿಂತೆಯೂ ಬೇಡ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಸಮಿತಿಯಿಂದ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಮಠ, ಮಸೀದಿ, ಇಗರ್ಜಿಯ ಹಿರಿಯರಿಗೆ ಮುಖ್ಯವಾದ ಒಂದು ಅಂಶ ಇದೇ ಕಾಯ್ದೆಯಲ್ಲಿದೆ. ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ನಂಬಿಕೆಯಿಂದ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ. ‘ನಮಗ್ಯಾಕೆ ಕೋರ್ಟು ಕಚೇರಿ ಉಸಾಬರಿ’ ಎನ್ನುವ ಅರ್ಚಕರಿಗೆ, ನೆರೆಮನೆಯವರಿಗೆ ಈ ಮಾತು ಧೈರ್ಯ ಕೊಟ್ಟೀತು. ಆದರೆ ಅವಳನ್ನು ಕೇಳಿಯೇ ಮುಂದುವರಿಯುವುದು ಜಾಣತನ. ಅವಳ ಮನೆಯ ಅಪಾಯ ಅವಳಿಗೇ ಹೆಚ್ಚು ಗೊತ್ತು.

ಆಸ್ಪತ್ರೆಯ ಮಾತನ್ನೂ ಹೇಳಬೇಕು. ‘ಬಚ್ಚಲಲ್ಲಿ ಜಾರಿ ಬಿದ್ದೆ’ ಎಂದವಳಿಗೆ ಮುಲಾಮು ಹಚ್ಚಿ ಕಳಿಸುವುದು ಸುಲಭ. ಮುಂಬಯಿಯ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 2000ದಲ್ಲಿ ‘ದಿಲಾಸಾ’ ಎಂಬ ವಿಭಾಗ ಶುರುವಾಯಿತು. ಗಾಯ ನೋಡುವ ಡಾಕ್ಟರು, ನರ್ಸುಗಳು ಸಂಶಯ ಬಂದರೆ ಮೆಲ್ಲಗೆ ವಿಚಾರಿಸಿ, ಅದೇ ಆಸ್ಪತ್ರೆಯ ಆಪ್ತ ಸಲಹೆಗಾರರ ಹತ್ತಿರ ಕಳಿಸುವ ಏರ್ಪಾಡು ಅದು. ಈಗ ನಮ್ಮ ಜಿಲ್ಲೆಗಳಲ್ಲೂ ಇಂಥ ‘ಸಖಿ’ ಕೇಂದ್ರಗಳಿವೆ. ನೀವು ಅಥವಾ ನಿಮ್ಮ ಪರಿಚಯದವರು ಗಾಯಕ್ಕೆ ಔಷಧಿಗೆಂದು ಹೋದಾಗ ಡಾಕ್ಟರಿಗೆ ನಿಜ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದೆ ಅದೇ ದೊಡ್ಡ ಆಧಾರ.

ಸರಿ, ನಾವು ಮನೆಯಲ್ಲಿರುವ ಹೆಂಗಸರು ಏನು ಮಾಡಲು ಸಾಧ್ಯ ಎನ್ನುತ್ತೀರಾ? ಬೇಕಾದಷ್ಟಿದೆ. ಭಜನಾ ಮಂಡಳಿ ನಮ್ಮದು, ಮಹಿಳಾ ಸಮಾಜ ನಮ್ಮದು, ಅರಿಶಿನ ಕುಂಕುಮಕ್ಕೆ ಮನೆ ಮನೆಗೆ ಹೋಗುವವರು ನಾವೇ. ಯಾರ ಕೈಯ ಬಳೆ ಏಕೆ ಒಡೆದಿದೆ, ಯಾರು ಸೆಕೆಯಲ್ಲೂ ತುಂಬುತೋಳಿನ ರವಿಕೆ ತೊಡುತ್ತಾರೆ ಎಂದು ಮೊದಲು ಕಾಣುವ ಕಣ್ಣು ನಮ್ಮದೇ.

ಒಂದು, ಮಂಡಳಿಯ ನಾಲ್ಕು ಮಂದಿ ಸೇರಿ ನಿಮ್ಮ ಗುಡಿಯ ಧರ್ಮದರ್ಶಿಗಳನ್ನೋ, ಮಠದ ಬುದ್ಧಿಯವರನ್ನೋ, ಜಮಾತಿನ ಹಿರಿಯರನ್ನೋ, ಪಾದ್ರಿಗಳನ್ನೋ ಕಂಡು ಕೇಳಿ. ಸಿ.ಡಿ.ಪಿ.ಓ. ಅವರನ್ನು ಒಂದು ದಿನ ಕರೆಸಿ ಎಲ್ಲರಿಗೂ ತಿಳಿಸಿಕೊಡಲಿ. ಪಂಚಾಂಗದ ಪಕ್ಕದಲ್ಲಿ 181 ಎಂಬ ಮಹಿಳಾ ಸಹಾಯವಾಣಿಯ ಅಂಕಿ ಬರೆಸಲಿ. ಹೆಂಗಸರು ಕೈಕಾಲು ತೊಳೆಯುವ ಕಡೆ ಬರೆಸಿದರೆ ಇನ್ನೂ ಒಳ್ಳೆಯದು. ಅಲ್ಲಿ ಓದಿಕೊಂಡರೆ ಯಾರೂ ಗಮನಿಸುವುದಿಲ್ಲ.

ಎರಡು, ‘ಇಬ್ಬರನ್ನೂ ಕೂರಿಸಿ ಪಂಚಾಯಿತಿ ಮಾಡೋಣ’ ಎಂದು ಅವಸರ ಪಡುವವರನ್ನು ತಡೆಯಿರಿ. ಅವನ ಎದುರಿಗೆ ಅವಳು ನಿಜ ಹೇಳುವುದು ಹೇಗೆ? ಹೇಳಿದರೆ ರಾತ್ರಿ ಮನೆಯಲ್ಲಿ ಅದಕ್ಕೂ ಏಟು. ಕಾಯ್ದೆಯ 2006ರ ನಿಯಮಗಳಲ್ಲಿ ಸರ್ಕಾರದ ಸಲಹೆಗಾರರಿಗೇ ಒಂದು ಕಟ್ಟಳೆ ಇದೆ: ಹೊಡೆದದ್ದಕ್ಕೆ ಗಂಡ ಸಮಜಾಯಿಷಿ ಹೇಳಲು ಬಿಡಕೂಡದು. ‘ಅವಳು ಎದುರುತ್ತರ ಕೊಟ್ಟಳು, ಅದಕ್ಕೆ ಹೊಡೆದೆ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ನಮ್ಮ ಕಟ್ಟೆಯ ಮೇಲೂ ನಡೆಯದಿರಲಿ.

ಮೂರು, ಅವಳು ಹೇಳಿಕೊಂಡಾಗ ‘ನೀನೇನು ಮಾಡಿದೆ?’ ಎಂದು ಕೇಳಬೇಡಿ. ‘ನಾನು ನಂಬ್ತೀನಿ ಕಣೇ, ಇದು ನಿನ್ನ ತಪ್ಪಲ್ಲ’ ಎನ್ನಿ. ಅವಳ ಆಧಾರ್, ಪಾಸ್‌ಬುಕ್, ಮಕ್ಕಳ ಜನನಪತ್ರದ ನಕಲು ನಿಮ್ಮ ಬೀರುವಿನಲ್ಲಿ ಇಟ್ಟುಕೊಡಿ. ಮನೆ ಬಿಡುವ ಯೋಚನೆ ಅವಳಿಗಿದ್ದರೆ ಅದು ಗಂಡನ ಕಿವಿಗೆ ಬೀಳದಿರಲಿ. ಹೊರಡುವ ಆ ಹೊತ್ತೇ ಎಲ್ಲಕ್ಕಿಂತ ಅಪಾಯದ್ದು. ಏಟು ಬೀಳುತ್ತಿರುವ ಹೊತ್ತಿನಲ್ಲಿ 112ಕ್ಕೆ ಫೋನ್ ಮಾಡಿದರೆ ಪೊಲೀಸರು ಬರುತ್ತಾರೆ.

ಕೊನೆಯದಾಗಿ, ಈ ಪುಟವನ್ನು ಬಚ್ಚಿಟ್ಟುಕೊಂಡು ಓದುತ್ತಿರುವ ತಂಗಿ, ನಿನಗೆ ಒಂದು ಮಾತು. ನೀನು ದೇವರನ್ನು ಬಿಡಬೇಕಾಗಿಲ್ಲ, ನಿನ್ನ ಪೂಜೆಯನ್ನೂ ಬಿಡಬೇಕಾಗಿಲ್ಲ. ನೀನು ದೀಪ ಹಚ್ಚುವ ಆ ದೇವಿ ಮಹಿಷನ ಮುಂದೆ ಹೊಂದಿಕೊಂಡು ಹೋದವಳಲ್ಲ. ಕಾಪಾಡು ಎಂದು ಬೇಡಿಕೊಂಡ ಮೇಲೆ, ಕಾಪಾಡುವ ಕೈ ಸಿ.ಡಿ.ಪಿ.ಓ. ಕಚೇರಿಯಿಂದ ಬಂದರೂ ಅದನ್ನು ಹಿಡಿದುಕೋ. ಪಾಪ ಹೊಡೆದವನದು, ಹೇಳಿಕೊಂಡವಳದಲ್ಲ.